ಜೌಗಿನ ಒಡಲಲ್ಲಿ ಮರದ ಹಾದಿ

ಪರಿಚಿತ ಕುಟುಂಬವೊಂದರ ಆಗ್ರಹದ ಆಮಂತ್ರಣದಿಂದ ಕಳೆದ ವರ್ಷದ ಭಾದ್ರಪದದಲ್ಲಿ ನಾವು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೆಲದಿನ ತಂಗಿದ್ದೆವು. ಪ್ರೇಕ್ಷಣೀಯ ಸ್ಥಳಗಳ ದೊಡ್ಡ ಪಟ್ಟಿಯನ್ನು ಮನೆಯವರು ಮುಂದಿಟ್ಟರು. ನಾವು ಬಯಸಿದ್ದು ಸಾಮರ್‌ಸೆಟ್ ಪ್ರಾಂತದ ಶಾಪ್‌ವಿಕ್ ಹೀತ್ ಎಂಬ ಜೌಗುಭೂಮಿಯನ್ನು. “ಅಲ್ಲಿ ನೋಡಲು ಏನೂ ಇಲ್ಲವಲ್ಲ!” ಎಂದು ಮಕ್ಕಳು ನಕ್ಕರು. ಅವರ ಮಾತು ಸುಳ್ಳಾಗಿರಲಿಲ್ಲ.

ಎತ್ತ ನೋಡಿದರೂ ಜೊಂಡು, ನಿಂತ ನೀರು, ಕಾಲಿಟ್ಟರೆ ಮೆತ್ತಗೆ ಕುಸಿಯುವ ಕಪ್ಪು ನೆಲ. ಸತ್ತ ಸಸ್ಯಗಳು ನೀರಿನಲ್ಲಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿದ ಈ ಮಣ್ಣಿಗೆ ಅಲ್ಲಿಯವರು ಪೀಟ್ ಎನ್ನುತ್ತಾರೆ. ಹಿಂದೆ ಅದನ್ನು ಕಡಿದು ಒಣಗಿಸಿ ಒಲೆಗೆ ಉರಿಸುತ್ತಿದ್ದರು. ಮುಂದೆ ತೋಟಗಳಿಗೆ ಮಾರತೊಡಗಿದರು. 1970ರಲ್ಲಿ ರೇ ಸ್ವೀಟ್ ಎಂಬ ಪೀಟ್ ಕಾರ್ಮಿಕನು ಕಾಲುವೆಯನ್ನು ಶುಚಿಗೊಳಿಸುತ್ತಿದ್ದಾಗ ಗಟ್ಟಿ ಹಲಗೆಯೊಂದು ತಾಕಿತು. ಅವನು ಅದನ್ನು ಬಿಸುಡಲಿಲ್ಲ. ಅದರ ತುಂಡು ಕೇಂಬ್ರಿಡ್ಜಿನ ವಿದ್ವಾಂಸ ಜಾನ್ ಕೋಲ್ಸ್ ಅವರ ಕೈ ಸೇರಿತು. ಅಗೆದಂತೆ ಜೌಗನ್ನು ದಾಟುವ ಸುಮಾರು 2 ಕಿಲೋಮೀಟರ್ ಉದ್ದದ ಹಲಗೆ ಹಾದಿಯೇ ಗೋಚರಿಸಿತು. ಆ ಹಾದಿಗೆ ಇಂದಿಗೂ ಪಂಡಿತರ ಹೆಸರಿಲ್ಲ. ‘ಸ್ವೀಟ್ ಟ್ರ್ಯಾಕ್’ ಎಂದು ದುಡಿಯುವವನ ಹೆಸರೇ ಇದೆ. ಇದು ನಮಗೆ ಬಹಳ ಹಿಡಿಸಿತು.

ನೆಲದ ಮೇಲೆ ಉದ್ದನೆಯ ಗಳು, ಅದರ ಇಕ್ಕೆಲದಿಂದ ಕತ್ತರಿಯಾಕಾರವಾಗಿ ನೆಟ್ಟ ಗೂಟಗಳು, ಆ ಕವಲಿನ ಮೇಲೆ ಒಬ್ಬರು ಮಾತ್ರ ನಡೆಯಬಹುದಾದ ಓಕ್ ಹಲಗೆ. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ, ಆ ಮರಗಳನ್ನು ಕಡಿದದ್ದು ಕ್ರಿ.ಪೂ. 3807ರ ಚಳಿಗಾಲ ಅಥವಾ 3806ರ ವಸಂತದಲ್ಲಿ ಎಂದು ನಿರ್ಧರಿಸಿದ್ದಾರೆ. ಲೋಹದ ಅರಿವಿಲ್ಲದವರು ಕಲ್ಲಿನ ಕೊಡಲಿಯಿಂದ ಮಾಡಿದ ಕೆಲಸವಿದು! ಹಾದಿಯ ಪಕ್ಕದಲ್ಲಿ ಆಲ್ಪ್ಸ್ ಪರ್ವತದಿಂದ ಬಂದ, ಒಮ್ಮೆಯೂ ಬಳಸದ ಹಸಿರು ಶಿಲೆಯ ಕೊಡಲಿಯೂ ಹೇಜಲ್ ಕಾಯಿಗಳಿದ್ದ ಮಡಕೆಯೂ ದೊರೆತವು. ಕೊಡಲಿಯನ್ನು ಹರಕೆಯಾಗಿ ಇಟ್ಟರೇ, ಜಾರಿ ಬಿತ್ತೇ, ಬಲ್ಲವರಿಲ್ಲ. ಮಡಕೆಯ ವಿಷಯದಲ್ಲಿ ನಮಗೆ ಸಂಶಯವಿಲ್ಲ: ಬುತ್ತಿ ಹೊತ್ತವನು ಎಡವಿರಬೇಕು.

ಇಷ್ಟು ಕಾಲ ಮರ ಉಳಿದದ್ದು ಹೇಗೆ? ನೀರು ತುಂಬಿದ ಪೀಟಿನೊಳಗೆ ಗಾಳಿಯಾಡದು. ಗಾಳಿಯಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಆ ಮರದ ಒಡಲೆಲ್ಲ ನೀರೇ ಆಗಿರುತ್ತದೆ. ಒಣಗಿದೊಡನೆ ಮುದುಡಿ ಸೀಳುತ್ತದೆ. ಅದಕ್ಕೆಂದೇ ಶೋಧಕರು ಹಲಗೆಗಳ ಮೇಲೆ ಬೋರಲು ಮಲಗಿ, ಬೆರಳುಗಳಿಂದ ಮಣ್ಣು ಬಿಡಿಸುತ್ತ, ಮರಕ್ಕೆ ನೀರು ಚಿಮುಕಿಸುತ್ತ ಕೆಲಸ ಮಾಡಿದರು. ಎತ್ತಿದ ತುಂಡುಗಳಲ್ಲಿ ನೀರಿನ ಬದಲು ಮೇಣದಂಥ ದ್ರವ್ಯವನ್ನು ತಿಂಗಳುಗಟ್ಟಲೆ ಇಂಗಿಸಬೇಕಾಯಿತು.

ಇದನ್ನು ಕೇಳುತ್ತ ನಾವು ತಲೆ ತಗ್ಗಿಸಿದೆವು. ನಾಲ್ಕು ದಶಕಗಳ ಹಿಂದೆ ನಮ್ಮೂರ ಕೆರೆಯ ಹೂಳೆತ್ತುವಾಗ ಹಳೆಯ ತೂಬಿನ ಮರವೊಂದು ಸಿಕ್ಕಿತ್ತು. ಅದರ ಮೇಲೆ ಗೆರೆಗಳಿದ್ದವು. ಅಕ್ಷರಗಳೆಂದು ನಾವು ಭಾವಿಸಿದ್ದೆವು. ಆಮೇಲೆ ಓದೋಣವೆಂದು ತೊಳೆಸಿ ಅಂಗಳದ ಬಿಸಿಲಿಗೆ ಇಡಿಸಿದವರೂ ನಾವೇ. ಎಂಟು ದಿನಗಳಲ್ಲಿ ಅದು ಚಕ್ಕೆಚಕ್ಕೆಯಾಯಿತು. ಅಡುಗೆಯವರು ಒಲೆಗೆ ಹಾಕಿದರು. ಕೆಲಸದ ಆಳುಗಳು ಎಚ್ಚರದಿಂದ ಎತ್ತಿ ಕೊಟ್ಟದ್ದನ್ನು ಓದುಬರಹ ಬಲ್ಲ ನಾವು ಕಳೆದೆವು.

ಸ್ವೀಟ್ ಟ್ರ್ಯಾಕಿನ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಪೀಟ್ ಗಣಿಗಾರಿಕೆಯಲ್ಲಿ ಹಾಳಾದದ್ದೂ ಉಂಟು. ಶಾಪ್‌ವಿಕ್ ಹೀತಿನಲ್ಲಿ ಉಳಿದದ್ದನ್ನು ಮಾತ್ರ ಅಗೆಯದೆ, 1980ರ ದಶಕದಲ್ಲಿ ಪಂಪು ಹೂಡಿ ನೆಲವನ್ನು ತೇವವಾಗಿರಿಸುವ ಏರ್ಪಾಡು ಮಾಡಿದರು. ನಾವು ನಿಂತಿದ್ದುದು ಅದರ ಜಾಡಿನ ಬಳಿಯಲ್ಲೇ. ಮನೆಯ ಕಿರಿಯ ಹುಡುಗನು ಕೋಲೊಂದನ್ನು ಹಿಡಿದು, “ಒಳಗಿದೆಯೋ ಇಲ್ಲವೋ ಚುಚ್ಚಿ ನೋಡಲೇ?” ಎಂದ. ನಾವು ಅವನ ಕೈ ಹಿಡಿದುಕೊಂಡೆವು.