ಗ್ರಂಥಿಗಳ ನಡುವೆ

ಆಷಾಢದ ಮಳೆ. ತವರುಮನೆಯ ಬಚ್ಚಲೊಲೆಯ ಮುಂದೆ ಕೈ ಕಾಯಿಸುತ್ತ ಕೂತಿದ್ದೆವು. ಪೆಥಾಲಜಿ ಓದಲು ಈಗಷ್ಟೇ ಸೇರಿರುವ ತಂಗಿಯ ಮಗಳು ಕೇಳಿದಳು: “ದೊಡ್ಡಮ್ಮಾ, ನಿಂಗೆ ಇವತ್ತಿಗೂ ಮರೆಯದ ಸ್ಲೈಡ್ ಯಾವ್ದು?”

2006ರ ಮಾತು. 48 ವರ್ಷದ ರೈತರೊಬ್ಬರಿಗೆ ಮೂತ್ರ ಕಟ್ಟಿತ್ತು. ಪ್ರಾಸ್ಟೇಟಿನಿಂದ ಹೆರೆದು ತೆಗೆದ ಚೂರುಗಳು ನಮ್ಮ ಲ್ಯಾಬಿಗೆ ಬಂದವು. ಜೊತೆಗಿದ್ದ ಚೀಟಿಯಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ ಪಿಎಸ್‌ಎ 1.2, ನಾರ್ಮಲ್. ಅದನ್ನು ಓದಿದಾಗಲೇ ನನಗೆ ಅರ್ಧ ನೆಮ್ಮದಿಯಾಗಿತ್ತು. ಗ್ರಂಥಿಗಳನ್ನು ಒಂದೊಂದಾಗಿ ನೋಡಿದೆ, ಯಾವುದೂ ಕೆಟ್ಟಿರಲಿಲ್ಲ. ‘ಕ್ಯಾನ್ಸರ್ ಇಲ್ಲ’ ಎಂದು ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ನಮ್ಮ ಮೇಡಂ ಬಂದು ಸ್ಲೈಡ್ ನೋಡಿದರು.

“ಗ್ರಂಥಿ ಬಿಡು. ಅವುಗಳ ನಡುವೆ ಏನಿದೆ ನೋಡು.”

ನಡುವೆ ಉದ್ದುದ್ದ ಕೋಶಗಳು, ಚಾಪೆ ಹೆಣೆದ ಹಾಗೆ ಕಂತೆಕಂತೆಯಾಗಿ ಅಡ್ಡಡ್ಡ ಹಾಯ್ದಿದ್ದವು. ನ್ಯೂಕ್ಲಿಯಸ್‌ಗಳು ಚುಟ್ಟಾದ ತುಂಡಿನಂತೆ, ಎರಡೂ ತುದಿ ಮೊಂಡು. ಒಡೆದು ಎರಡಾಗುತ್ತಿದ್ದ ಕೋಶಗಳನ್ನು ಎಣಿಸಿದೆ: ಹತ್ತು ಫೀಲ್ಡಿಗೆ 14. ಅಲ್ಲಲ್ಲಿ ಸತ್ತ ಅಂಗಾಂಶ. ಗ್ರಂಥಿಗಳ ಸುತ್ತ ಇರುವ ನಯಸ್ನಾಯುವಿನಲ್ಲೇ ಹುಟ್ಟಿದ ಕ್ಯಾನ್ಸರ್ ಇರಬೇಕು ಎಂದರು ಮೇಡಂ. ಪ್ರಾಸ್ಟೇಟಿನ ಸಾವಿರ ಕ್ಯಾನ್ಸರ್‌ಗಳಲ್ಲಿ ಇಂಥದ್ದು ಒಂದೂ ಸಿಗುವುದಿಲ್ಲ.

ಒಂದು ಆಸೆ ಉಳಿದಿತ್ತು. ಗುದನಾಳದ ಗೋಡೆಯಿಂದ ಬೆಳೆದು ಬರುವ ಜಿಸ್ಟ್ ಎಂಬ ಗಡ್ಡೆಯೂ ಹೀಗೇ ಕಾಣುತ್ತದೆ, ಅದಕ್ಕೆ ಇಮ್ಯಾಟಿನಿಬ್ ಮಾತ್ರೆಯಿದೆ. ಜಿಸ್ಟ್ ಆದರೆ ಸಿಡಿ117 ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಂದು ಬಣ್ಣ ಬರುತ್ತದೆ. ಚೂರುಗಳನ್ನು ಕೂರಿಸಿದ ಮೇಣದ ಬ್ಲಾಕ್‌ಗಳನ್ನು ಬೆಂಗಳೂರಿಗೆ ಕಳಿಸಿ, ನಾಲ್ಕು ದಿನ ಆ ಕಂದು ಬಣ್ಣಕ್ಕಾಗಿ ದೇವರಲ್ಲಿ ಬೇಡಿಕೊಂಡೆ. ಸಿಡಿ117 ಬಣ್ಣ ಹಿಡಿಯಲಿಲ್ಲ. ಸ್ನಾಯುವನ್ನು ಗುರುತಿಸುವ ಸ್ಮೂತ್ ಮಸಲ್ ಆಕ್ಟಿನ್, ಡೆಸ್ಮಿನ್ ಎರಡೂ ಗಾಢ ಕಂದು. ನಯಸ್ನಾಯುವಿನ ಕ್ಯಾನ್ಸರೇ, ಲಿಯೋಮಯೋಸಾರ್ಕೋಮಾ.

ವರದಿ ಒಯ್ಯಲು ಆ ರೈತರೇ ಬಂದರು. ಜೇಬಿನಿಂದ ಪಿಎಸ್‌ಎ ಚೀಟಿ ತೆಗೆದು, “ಇದ್ರಲ್ಲಿ ಎಲ್ಲ ಸರಿಯಿದೆ ಅಂದಿದ್ರಲ್ಲಮ್ಮಾ?” ಎಂದರು. ಪಿಎಸ್‌ಎ ಮಾಡುವುದು ಗ್ರಂಥಿಯ ಕೋಶಗಳು, ನಿಮ್ಮ ಗಡ್ಡೆ ಸ್ನಾಯುವಿನದು, ಅದು ಈ ಪರೀಕ್ಷೆಗೆ ಸಿಗುವುದಿಲ್ಲ ಎಂದು ತಿಳಿಯುವಂತೆ ಹೇಳಿದೆ. ತಲೆಯಾಡಿಸಿದರು. ಚೀಟಿ ಮಡಚಿ ಮತ್ತೆ ಜೇಬಿಗೇ ಇಟ್ಟುಕೊಂಡರು.

ಆಪರೇಷನ್ ಆಯಿತು. ಮರುವರ್ಷ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಅದರ ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಒಲೆಗೆ ಸೌದೆ ತಳ್ಳುತ್ತ ಹುಡುಗಿ ಮೆಲ್ಲಗೆ ಕೇಳಿದಳು: “ಅವತ್ತು ಮೇಡಂ ಬರ್ದೇ ಇದ್ದಿದ್ರೆ?”

“ಅದಕ್ಕೇ ಕಣೇ, ಅವತ್ತಿಂದ ಮೊದ್ಲು ಸ್ಲೈಡ್ ನೋಡ್ತೀನಿ. ಚೀಟಿ ಓದೋದು ಆಮೇಲೆ.”