ಎಣ್ಣೆ ಹೇಳಿದ ಮಾತು

ಎಣ್ಣೆಯೆಂದೊಡನೆ ನಮಗೆ ನೆನಪಾಗುವುದು ಅಡುಗೆಮನೆಯ ಒಗ್ಗರಣೆ, ದೇವರ ಮುಂದಿನ ದೀಪ, ಹಬ್ಬದ ದಿನದ ಅಭ್ಯಂಜನ. ಹಳ್ಳಿಯಲ್ಲಿ ಬೆಳೆದವರಿಗಾದರೆ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯೂ ನೆನಪಾದೀತು. ನನಗೆ ಮಾತ್ರ ಎಣ್ಣೆಯೆಂದರೆ ಒಂದು ಬಿಳಿಯ ಬಟ್ಟೆಯ ಚೂರಿನ ಮೇಲೆ ಹರಡಿದ್ದ, ಸುಟ್ಟ ವಾಸನೆಯ ಕಪ್ಪು ಎಣ್ಣೆಯೇ ಕಣ್ಣ ಮುಂದೆ ಬರುತ್ತದೆ. ಅದು ಕಾರಿನ ಎಂಜಿನ್ನಿನ ಎಣ್ಣೆ. ಆ ಬಟ್ಟೆಯ ಚೂರಿನ ಮುಂದೆ ನಾನು ಒಮ್ಮೆ ತಲೆ ತಗ್ಗಿಸಿ ನಿಂತಿದ್ದೆ.

ನನ್ನ ಚಿಕ್ಕಪ್ಪನವರು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿಯ ಗಲ್ಲಿಯೊಂದರಲ್ಲಿ ಚಿಕ್ಕ ಗ್ಯಾರೇಜನ್ನು ನಡೆಸುತ್ತಿದ್ದರು. ಅವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಎಂಜಿನ್ನಿನ ಸದ್ದನ್ನು ಕೇಳಿಯೇ ಅದರ ರೋಗವೇನೆಂದು ಹೇಳಬಲ್ಲವರಾಗಿದ್ದರು. ನಾನು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ರಜೆಯ ದಿನಗಳನ್ನೆಲ್ಲ ಆ ಗ್ಯಾರೇಜಿನಲ್ಲಿಯೇ ಕಳೆಯುತ್ತಿದ್ದೆ. 2012ರಲ್ಲಿ ಚಿಕ್ಕಪ್ಪ ಎರಡೇ ಆಸನಗಳ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಗುಜರಿಯ ಬೆಲೆಗೆ ಕೊಂಡರು. ಅದನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸಲು ನಮಗೆ ಎರಡು ವರ್ಷಗಳು ಹಿಡಿದವು. ಅವರ ಉಳಿತಾಯದ ಬಹುಭಾಗ ಆ ಕಾರಿನಲ್ಲಿ ಕರಗಿಹೋಗಿತ್ತು. ಅದನ್ನು ಒಮ್ಮೆ ಪಂದ್ಯದ ಪಥದಲ್ಲಿ ಓಡಿಸಬೇಕೆಂಬುದು ಅವರ ಬಹುದಿನದ ಆಸೆ. “ನನ್ನ ಕಣ್ಣು ಈಗ ಅಷ್ಟು ಚುರುಕಾಗಿಲ್ಲಪ್ಪಾ; ನೀನು ಓಡಿಸು, ನಾನು ನೋಡುತ್ತೇನೆ” ಎಂದಿದ್ದರು.

ಚೆನ್ನೈಗೆ ಸಮೀಪದ ಶ್ರೀಪೆರಂಬೂದೂರಿನ ಬಳಿ, ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಅಂತಹ ಒಂದು ಪಥವಿದೆ. ಮೊದಲು ಮದ್ರಾಸಿನ ಮೋಟಾರು ಪಂದ್ಯಗಳು ಷೋಲಾವರಂನ ಹಳೆಯ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದವು. 1990ರಲ್ಲಿ ಈ ಹೊಸ ಪಥ ಬಳಕೆಗೆ ಬಂತು. ಇದರ ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ, ಹಣ ಕಟ್ಟಿದವರು ತಮ್ಮ ತಮ್ಮ ಕಾರುಗಳನ್ನು ಅಲ್ಲಿ ಓಡಿಸಬಹುದು. ನಾವು 2014ರ ಮಾರ್ಚ್ ತಿಂಗಳಿನಲ್ಲಿ ಹೋಗುವುದೆಂದು ನಿಶ್ಚಯಿಸಿದೆವು.

ಹೊರಡುವ ಮುನ್ನ ಚಿಕ್ಕಪ್ಪ ಒಂದು ಮಾತು ಹೇಳಿದರು: “ಊರಿನ ರಸ್ತೆಯಲ್ಲಿ ಎಂಜಿನ್ನು ನಡೆಯುತ್ತದೆ, ಅಲ್ಲಿ ಅದು ಓಡುತ್ತಲೇ ಇರಬೇಕು. ಎಣ್ಣೆ ಕಾಯುತ್ತದೆ. ಅದನ್ನು ತಂಪು ಮಾಡುವ ದಾರಿ ನೋಡು.” ಈ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿತ್ತು. ಕಾರಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಚಲನೆಯಾಗಿ ಮಾರ್ಪಡುತ್ತದೆ. ಉಳಿದುದೆಲ್ಲವೂ ಶಾಖವೇ. ಅದರಲ್ಲಿ ಬಹಳಷ್ಟು ಹೊಗೆಯೊಡನೆ ಹೊರಗೆ ಹೋಗುತ್ತದೆ. ಬಹಳಷ್ಟನ್ನು ರೇಡಿಯೇಟರಿನ ನೀರು ಹೊತ್ತೊಯ್ಯುತ್ತದೆ. ಆದರೆ ನೀರು ಮುಟ್ಟಲಾರದ ಸ್ಥಳಗಳಿವೆ. ಬೆಂಕಿಗೆ ಎದೆಗೊಟ್ಟು ನಿಂತ ಪಿಸ್ಟನ್ನಿನ ತಳಭಾಗ, ನಿಮಿಷಕ್ಕೆ 6000 ಸಲ ತಿರುಗುವ ಕ್ರ್ಯಾಂಕಿನ ಬೇರಿಂಗುಗಳು, ಇವನ್ನು ತಣಿಸುವುದು ಎಣ್ಣೆಯ ಪಾಲಿನ ಕೆಲಸ. ಒಂದು ತೂಕದ ನೀರು ಹೊರಬಲ್ಲ ಶಾಖದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಅದೇ ತೂಕದ ಎಣ್ಣೆ ಹೊರಬಲ್ಲದು. ಹೀಗಿದ್ದರೂ ನಾಲ್ಕೈದು ಲೀಟರ್ ಎಣ್ಣೆ ನಿಮಿಷಕ್ಕೆ ಹಲವು ಸಲ ಎಂಜಿನ್ನನ್ನು ಸುತ್ತಿಬಂದು ಈ ಹೊರೆಯನ್ನು ಇಳಿಸುತ್ತಿರುತ್ತದೆ.

ಎಣ್ಣೆಯ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. 1883ರಲ್ಲಿ ಇಂಗ್ಲೆಂಡಿನ ಬೋಷಂಪ್ ಟವರ್ ಎಂಬ ಎಂಜಿನಿಯರನು ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗಿದೊಡನೆ ಆ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆಯಿಂದ ಮುಚ್ಚಿದರೆ ಬಿರಡೆಯೇ ಮೇಲೆದ್ದು ಬಂತು. ತಿರುಗುವ ಅಚ್ಚು ತನ್ನ ಕೆಳಗೆ ಎಣ್ಣೆಯನ್ನು ತಾನೇ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆಯೆಂಬುದು ಹೀಗೆ ತಿಳಿದುಬಂತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಇದನ್ನು ಗಣಿತದಿಂದ ವಿವರಿಸಿದನು. ಎಂಜಿನ್ನಿನಲ್ಲಿಯೂ ಲೋಹ ಲೋಹವನ್ನು ಮುಟ್ಟುವುದಿಲ್ಲ. ನಡುವೆ ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆಯೊಂದಿರುತ್ತದೆ. ಆ ಪೊರೆ ಹರಿದರೆ ಎಂಜಿನ್ನಿನ ಆಯುಷ್ಯ ಮುಗಿದಂತೆಯೇ.

ಬಾಣಲೆಯಲ್ಲಿ ಎಣ್ಣೆ ಕಾಯುವುದನ್ನು ನೀವು ನೋಡಿದ್ದೀರಿ. ತಣ್ಣಗಿದ್ದಾಗ ಮಂದವಾಗಿ ಹರಿಯುವ ಎಣ್ಣೆ ಕಾದ ಮೇಲೆ ನೀರಿನಂತೆ ಹರಿದಾಡುತ್ತದೆ. ಎಂಜಿನ್ನಿನ ಎಣ್ಣೆಯೂ ಹಾಗೆಯೇ. 40 ಡಿಗ್ರಿಯಲ್ಲಿದ್ದ ಅದರ ಸ್ನಿಗ್ಧತೆ 100 ಡಿಗ್ರಿಗೆ ಬರುವಷ್ಟರಲ್ಲಿ ಆರೇಳು ಪಟ್ಟು ಇಳಿದಿರುತ್ತದೆ. ಅಲ್ಲಿಯವರೆಗೆ ಭಯವಿಲ್ಲ, ಎಂಜಿನ್ನನ್ನು ರೂಪಿಸಿರುವುದೇ ಆ ಲೆಕ್ಕಕ್ಕೆ. ಆದರೆ ಶಾಖ ಇನ್ನೂ ಏರಿದರೆ ಎಣ್ಣೆಯ ಪೊರೆ ತೆಳುವಾಗುತ್ತ ಹೋಗುತ್ತದೆ, ಎಣ್ಣೆಯೂ ಬೇಗ ಕೆಡುತ್ತದೆ. “130 ದಾಟಿತೆಂದರೆ ನಿಧಾನ ಮಾಡು, ಹೊರಗೆ ಬಾ” ಎಂದು ಚಿಕ್ಕಪ್ಪ ಗಡಿ ಹಾಕಿದ್ದರು. ಅದನ್ನು ನೋಡಲೆಂದೇ ಎಣ್ಣೆಯ ಶಾಖವನ್ನು ತೋರಿಸುವ ಮಾಪಕವೊಂದನ್ನು ತಾವೇ ಕೂರಿಸಿದರು. ಆಯಿಲ್ ಕೂಲರ್ ಅಳವಡಿಸುವ ಕೆಲಸವನ್ನು ನನಗೆ ಬಿಟ್ಟರು.

ಆಯಿಲ್ ಕೂಲರ್ ಎಂದರೆ ಎಣ್ಣೆಗೆಂದೇ ಇರುವ ಪುಟ್ಟ ರೇಡಿಯೇಟರು. ಬಿಸಿ ಎಣ್ಣೆ ಅದರ ಕೊಳವೆಗಳಲ್ಲಿ ಹರಿಯುವಾಗ, ಎದುರಿನಿಂದ ಬೀಸುವ ಗಾಳಿ ತೆಳ್ಳನೆಯ ರೆಕ್ಕೆಗಳ ನಡುವೆ ನುಗ್ಗಿ ಶಾಖವನ್ನು ಒಯ್ಯುತ್ತದೆ. ನಾನು ಅದನ್ನು ಕಾರಿನ ಮುಂಭಾಗದ ಚೆಲುವು ಕೆಡದಂತೆ ಬಂಪರಿನ ಒಳಗೆ ಅಡಗಿಸಿ ಕೂರಿಸಿದೆ. ಮುಂದೆ ಗಾಳಿ ಬರಲು ಕಿಂಡಿಯಿತ್ತು. ಹಿಂದೆ ತಗಡಿನ ಗೋಡೆಯಿತ್ತು. ಚಿಕ್ಕಪ್ಪ ಬಗ್ಗಿ ನೋಡಿ, “ಗಾಳಿ ಹೊರಗೆ ಹೇಗೆ ಹೋಗುತ್ತದೆ?” ಎಂದು ಕೇಳಿದರು. “ಹೋಗುತ್ತದೆ ಚಿಕ್ಕಪ್ಪ, ಲೆಕ್ಕ ಹಾಕಿದ್ದೇನೆ” ಎಂದೆ. ನಾನು ಯಾವ ಲೆಕ್ಕವನ್ನೂ ಹಾಕಿರಲಿಲ್ಲ. ಕಾಲೇಜಿನಲ್ಲಿ ಓದಿದವನೆಂಬ ಗೌರವದಿಂದ ಅವರು ಸುಮ್ಮನಾದರು.

ಬೆಂಗಳೂರಿನಿಂದ ಅಲ್ಲಿಯವರೆಗಿನ ಸುಮಾರು 300 ಕಿಲೋಮೀಟರ್ ದಾರಿಯಲ್ಲಿ ಮಾಪಕದ ಮುಳ್ಳು 95ರ ಬಳಿ ಅಲುಗದೆ ನಿಂತಿತ್ತು. ನನಗೆ ಹೆಮ್ಮೆಯಾಯಿತು. ಪಥಕ್ಕೆ ಇಳಿದ ಮೇಲೆ ಮೂರನೆಯ ಸುತ್ತಿಗೆ 115, ಐದನೆಯ ಸುತ್ತಿಗೆ 128. ನೀರಿನ ಶಾಖವನ್ನು ತೋರಿಸುವ ಮುಳ್ಳು ಮಾತ್ರ ಏನೂ ಆಗದಂತೆ ತನ್ನ ಸ್ಥಳದಲ್ಲಿಯೇ ಇತ್ತು. ನಾನು ಆ ಮುಳ್ಳನ್ನು ನೋಡಿ ಸಮಾಧಾನ ತಂದುಕೊಂಡೆ. ಹೊರಗೆ ಬರುವಾಗ ಎಣ್ಣೆಯ ಶಾಖ 138 ಆಗಿತ್ತು.

ನೆರಳಿನಲ್ಲಿ ನಿಂತಿದ್ದ ಚಿಕ್ಕಪ್ಪ ಬಳಿಗೆ ಬಂದರು. ಅವರ ಮುಖ ಹಿಗ್ಗಿನಿಂದ ಅರಳಿತ್ತು. “ಎಷ್ಟಕ್ಕೆ ಏರಿತ್ತಪ್ಪಾ?” ಎಂದರು. ನಿಜ ಹೇಳಿದರೆ ಅಂದಿನ ಓಟ ಅಲ್ಲಿಗೇ ಮುಗಿಯುತ್ತದೆಂದು ನನಗೆ ಗೊತ್ತಿತ್ತು. “125” ಎಂದೆ. ಅವರು ತಲೆದೂಗಿದರು. ಬೇರೆ ಯಾರಾದರೂ ಹೇಳಿದ್ದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಪರೀಕ್ಷಿಸದೆ ಬಿಡುತ್ತಿರಲಿಲ್ಲ. ನನ್ನ ಮಾತನ್ನು ನಂಬಿದರು.

ಎರಡನೆಯ ಬಾರಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಆರನೆಯ ಸುತ್ತಿನಲ್ಲಿ ಮುಳ್ಳು 145 ತಲಪಿತು. ಉದ್ದನೆಯ ತಿರುವೊಂದರಲ್ಲಿ, ತೆಳುವಾದ ಎಣ್ಣೆ ಚೇಂಬರಿನ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಕ್ಕದೆ ಹೋಗಿರಬೇಕು. ಒತ್ತಡದ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ‘ಇನ್ನೊಂದೇ ಸುತ್ತು’ ಎಂದುಕೊಂಡೆ. ಆ ಸುತ್ತು ಮುಗಿಯಲಿಲ್ಲ. ಎಂಜಿನ್ನಿನ ಒಡಲಿನಿಂದ ಸುತ್ತಿಗೆಯಿಂದ ಕುಟ್ಟಿದಂತೆ ‘ಟಕ್, ಟಕ್’ ಎಂಬ ಸದ್ದು ಕೇಳಿಸತೊಡಗಿತು.

ಚಿಕ್ಕಪ್ಪ ಬಾನೆಟ್ಟನ್ನು ಎತ್ತಿ ಕಡ್ಡಿಯನ್ನು ಹೊರಗೆಳೆದು ಬಿಳಿಯ ಬಟ್ಟೆಗೆ ಒರೆಸಿದರು. ಮೂಸಿ ನೋಡಿದರು. ಆ ಬೆಳಿಗ್ಗೆಯಷ್ಟೇ ಜೇನಿನ ಬಣ್ಣದಲ್ಲಿದ್ದ ಎಣ್ಣೆ ಕಪ್ಪಾಗಿತ್ತು. ಅದರಲ್ಲಿ ಲೋಹದ ಸಣ್ಣ ಕಣಗಳು ಬಿಸಿಲಿಗೆ ಮಿನುಗುತ್ತಿದ್ದವು. ಅವರು ಬಟ್ಟೆಯನ್ನು ನನ್ನ ಮುಂದೆ ಹಿಡಿದರು. “ಮೊದಲನೆಯ ಸಲವೇ 125 ಆಗಿರಲಿಲ್ಲ, ಅಲ್ಲವೇ?” ಎಂದಷ್ಟೇ ಕೇಳಿದರು. ನಾನು ಉತ್ತರ ಹೇಳಲಾರದೆ ಹೋದೆ. ಹೋಗುವಾಗ ಓಡಿಸಿಕೊಂಡು ಹೋದ ಕಾರು ಹಿಂದಿರುಗುವಾಗ ಲಾರಿಯ ಮೇಲೆ ಬಂತು. ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುವಾರ ಎಂಜಿನ್ನನ್ನು ನನ್ನ ಕೈಯಿಂದಲೇ ಬಿಚ್ಚಿಸಿದರು. ಒಂದು ಬೇರಿಂಗಿನ ಬೂದು ಬಣ್ಣದ ಮೇಲ್ಪದರ ಸವೆದುಹೋಗಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ಕ್ರ್ಯಾಂಕಿನ ಮೇಲೆ ಉಗುರಿಗೆ ತಾಕುವಷ್ಟು ಗೀರುಗಳು ಬಿದ್ದಿದ್ದವು. ಆಗ ಚಿಕ್ಕಪ್ಪ ಮೊದಲ ಬಾರಿಗೆ ಬಾಯಿ ಬಿಟ್ಟರು: “ಎಂಜಿನ್ನು ಕೆಟ್ಟರೆ ಸರಿ ಮಾಡಬಹುದು. ಅದು ನನ್ನ ಕಸುಬು. ಆದರೆ ನೀನು ಹೇಳಿದ ಅಂಕಿಯನ್ನು ನಾನು ನಂಬದೆ ಹೋದರೆ, ನಾವಿಬ್ಬರೂ ಕೂಡಿ ಹೇಗೆ ಕೆಲಸ ಮಾಡುವುದು?”

ಆ ದಿನದಿಂದ ನಾನು ನಿಜವಾಗಿ ಲೆಕ್ಕ ಹಾಕಲು ಕುಳಿತೆ, ಪುಸ್ತಕಗಳನ್ನು ತಿರುವಿಹಾಕಿದೆ. ಜರ್ಮನಿಯ ಪೋರ್ಷೆ 911 ಕಾರಿನ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. 1963ರಲ್ಲಿ ಮೊದಲು ಪ್ರದರ್ಶನಗೊಂಡ ಆ ಕಾರಿನ ಎಂಜಿನ್ನಿಗೆ 1990ರ ದಶಕದ ಕೊನೆಯವರೆಗೂ ನೀರಿನ ರೇಡಿಯೇಟರೇ ಇರಲಿಲ್ಲ; ಗಾಳಿ ಮತ್ತು ಎಣ್ಣೆಗಳೇ ಅದನ್ನು ತಣಿಸುತ್ತಿದ್ದವು. ಎಂಜಿನ್ನು ಇದ್ದುದು ಕಾರಿನ ಹಿಂಭಾಗದಲ್ಲಿ. ಹೆಚ್ಚು ಬಲದ ಮಾದರಿಗಳಲ್ಲಿ ಎಣ್ಣೆಯನ್ನು ಉದ್ದನೆಯ ಕೊಳವೆಗಳ ಮೂಲಕ ಮುಂಭಾಗದ ಕೂಲರಿನವರೆಗೆ ಕಳುಹಿಸಿ ಮರಳಿ ತರುತ್ತಿದ್ದರು. ಗಾಳಿ ಎಲ್ಲಿ ದೊರೆಯುವುದೋ ಅಲ್ಲಿಗೆ ಎಣ್ಣೆಯನ್ನು ಕರೆದೊಯ್ಯಬೇಕು. ನಾನಾದರೋ ಕೂಲರನ್ನು ಕಣ್ಣಿಗೆ ಬೀಳದ ಕಡೆ ಬಚ್ಚಿಟ್ಟಿದ್ದೆ.

ಇದನ್ನು ಹೇಳಿದಾಗ ಚಿಕ್ಕಪ್ಪ ನಕ್ಕರು. “ನಮ್ಮ ಹಳ್ಳಿಯ ಮನೆಯ ಅಡುಗೆಮನೆಯಲ್ಲಿ ಗವಾಕ್ಷಿ ಏಕಿತ್ತು ಹೇಳು? ಬಾಗಿಲು ಒಂದಿದ್ದರೆ ಸಾಲದು. ಬಂದ ಗಾಳಿ ಹೋಗಲೂ ದಾರಿ ಬೇಕು.” ನಾವು ಕೂಲರನ್ನು ಮುಂದಕ್ಕೆ ತಂದೆವು. ಗಾಳಿ ಅತ್ತಿತ್ತ ಸೋರದೆ ಅದರೊಳಕ್ಕೇ ನುಗ್ಗುವಂತೆ ತಗಡಿನ ಕಾಲುವೆಯನ್ನು ಕಟ್ಟಿದೆವು. ಹಿಂದಿನ ಗೋಡೆಯನ್ನು ಕೊಯ್ದು, ಬಿಸಿಗಾಳಿ ಚಕ್ರದ ಪಕ್ಕದಿಂದ ಹೊರಬೀಳುವಂತೆ ಮಾಡಿದೆವು. ತಿರುವಿನಲ್ಲಿ ಎಣ್ಣೆ ಒಂದೇ ಪಕ್ಕಕ್ಕೆ ಸರಿಯದಂತೆ ಚೇಂಬರಿನೊಳಗೆ ಅಡ್ಡ ತಗಡುಗಳನ್ನು ಬೆಸೆದೆವು. ಎಣ್ಣೆ 85 ಡಿಗ್ರಿ ಮುಟ್ಟುವವರೆಗೆ ಕೂಲರಿನ ದಾರಿ ಪೂರ್ಣವಾಗಿ ತೆರೆಯದಂತೆ ಒಂದು ಥರ್ಮೋಸ್ಟಾಟನ್ನೂ ಇಟ್ಟೆವು. ಏಕೆಂದರೆ ಎಣ್ಣೆ ತೀರ ತಣ್ಣಗಿದ್ದರೂ ಕೇಡೇ. ಮಂದವಾದ ಎಣ್ಣೆ ಸರಾಗವಾಗಿ ಹರಿಯದು. ಅದರಲ್ಲಿ ಸೇರಿದ ನೀರಿನ ತೇವ ಆವಿಯಾಗಿ ಹೋಗಬೇಕಾದರೂ ಸಾಕಷ್ಟು ಶಾಖ ಬೇಕು.

ಮರುವರ್ಷ ಮಾರ್ಚಿಯಲ್ಲಿ ಮತ್ತೆ ಅಲ್ಲಿಗೆ ಹೋದೆವು. ಬಿಸಿಲು ಹಿಂದಿನ ವರ್ಷದಷ್ಟೇ ಇತ್ತು. ಮೊದಲನೆಯ ಬಾರಿ ಮುಳ್ಳು 118ಕ್ಕೆ ನಿಂತಿತು. ಮಧ್ಯಾಹ್ನದ ಎರಡನೆಯ ಓಟದಲ್ಲಿ ಮೆಲ್ಲಮೆಲ್ಲನೆ ಏರುತ್ತ 129 ಆಯಿತು. ಕಾರು ಹಗುರವಾಗಿ ಹಾರುವಂತೆ ಓಡುತ್ತಿತ್ತು. ನನಗೆ ಮೀಸಲಾದ ಸಮಯದಲ್ಲಿ ಇನ್ನೂ ಎರಡು ಸುತ್ತು ಉಳಿದಿದ್ದವು. ಕಾಲು ತಾನಾಗಿ ವೇಗವನ್ನು ಬಯಸಿತು. ಆದರೂ ಅದನ್ನು ಹಿಂದಕ್ಕೆ ತೆಗೆದೆ. ಓಡಿದ ಎಂಜಿನ್ನನ್ನು ಒಮ್ಮೆಲೇ ನಿಲ್ಲಿಸಿದರೆ ಹರಿವು ನಿಂತು, ಒಳಗಿನ ಶಾಖ ಇದ್ದಲ್ಲಿಯೇ ಉಳಿಯುತ್ತದೆ. ಅದಕ್ಕಾಗಿ ಒಂದು ಸುತ್ತನ್ನು ನಿಧಾನವಾಗಿ ಮುಗಿಸಿದೆ. ಮುಳ್ಳು 105ಕ್ಕೆ ಇಳಿದ ಮೇಲೆ ಹೊರಗೆ ಬಂದೆ.

ಚಿಕ್ಕಪ್ಪ ಅದೇ ನೆರಳಿನಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಬಿಳಿಯ ಬಟ್ಟೆಯ ಚೂರಿತ್ತು.

“ಎಷ್ಟಪ್ಪಾ?” ಎಂದರು.

“129 ಆಯಿತು ಚಿಕ್ಕಪ್ಪ. ಇನ್ನೂ ಓಡಿಸಬಹುದಿತ್ತು. ಬಂದುಬಿಟ್ಟೆ.”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಬಳಿಕ ಬಟ್ಟೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ನಡೆ, ಊಟ ಮಾಡೋಣ” ಎಂದರು. ಎಣ್ಣೆಯ ಕಡ್ಡಿಯನ್ನು ಅವರು ಎಳೆದು ನೋಡಲಿಲ್ಲ.