ಏಜೆಂಟ್ ಓದುವ ಕೈಪಿಡಿ

ವೆಬ್‌ಸೈಟಿನ ಪುಟಪುಟವನ್ನೂ ಜಾಲಾಡಿ ಎಸ್‌ಇಒ ತಪಾಸಣೆ ಮಾಡೋ ಟೂಲ್‌ಗೆ ಡಾಕ್ಯುಮೆಂಟೇಶನ್ ಬರೀತಿದ್ದೀನಿ. ಓದೋದು ಎಐ ಏಜೆಂಟ್. ಮನುಷ್ಯರಾದರೆ ಅನುಮಾನ ಬಂದಾಗ ಪಕ್ಕದವರನ್ನ ಕೇಳ್ತಾರೆ. ಏಜೆಂಟ್ ಬರೆದದ್ದನ್ನೇ ನಂಬಿ ಮುಂದೆ ಹೋಗಿಬಿಡಬಹುದು. ಹಾಗಾಗಿ '404 (ಪುಟ ಸಿಗಲಿಲ್ಲ) ಬಂದರೆ ತಪ್ಪು' ಅಂತಷ್ಟೇ ಬರೆದರೆ ಸಾಲದು. ಬೇಕಂತಲೇ ತೆಗೆದ ಪುಟಕ್ಕೆ 404 ಸರಿಯಾದ ಉತ್ತರವೇ. ಆದರೆ ಸೈಟಿನದೇ ಲಿಂಕ್ ಇನ್ನೂ ಅಲ್ಲಿಗೆ ಕಳಿಸ್ತಿದ್ದರೆ ಆ ಲಿಂಕ್ ಸರಿಪಡಿಸಬೇಕು.

ಇನ್ನೊಂದು ಉದಾಹರಣೆ: ಕ್ರಾಲರ್‌ಗಳು ಬರದ ಹಾಗೆ ರೋಬಾಟ್ಸ್ ಫೈಲ್‌ನಲ್ಲಿ (robots.txt) ತಡೆದ ಪುಟಕ್ಕೆ, ಹುಡುಕಾಟದಲ್ಲಿ ತೋರಿಸಬೇಡ ಅನ್ನೋ ನೋಇಂಡೆಕ್ಸ್ ಟ್ಯಾಗ್ ಹಾಕಿದರೂ ಪ್ರಯೋಜನವಿಲ್ಲ. ಗೂಗಲ್‌ನ ಕ್ರಾಲರ್ ಗೂಗಲ್‌ಬಾಟ್ ಆ ಪುಟ ತೆರೆಯೋದೇ ಇಲ್ಲ, ಟ್ಯಾಗ್ ಕಾಣೋದು ಹೇಗೆ? ಬೇರೆ ಸೈಟಿನ ಲಿಂಕ್ ಹಿಡಿದು ಆ ವಿಳಾಸ ಹುಡುಕಾಟದಲ್ಲಿ ಬಂದೇಬಿಡಬಹುದು. ಇಂಥದ್ದನ್ನ ಬಿಡಿಸಿ ಬರೆಯೋಕೆ ಎಷ್ಟು ಹೊತ್ತಾದರೂ ಸರಿ. ಟೂಲ್ ಪುಟಗಳನ್ನ ಜಾಲಾಡೋ (ಕ್ರಾಲ್) ವೇಗದ ಮಿತಿಯನ್ನಂತೂ ಕೈಪಿಡಿಯ ಮೊದಲ ಪ್ಯಾರಾದಲ್ಲೇ ಇಟ್ಟಿದ್ದೀನಿ. ಒಂದೇ ಸಮನೆ ರಿಕ್ವೆಸ್ಟ್ ಸುರಿದರೆ ಚಿಕ್ಕ ಸರ್ವರ್‌ಗಳು ತಡ್ಕೊಳ್ಳಲ್ಲ.